ಉಂಡ ಎಲೆ ಎತ್ತದ ಪ್ರೋಗ್ರಾಮು

ಲಿನಕ್ಸ್‌ನಲ್ಲಿ ಬರೆದ ಚಿಕ್ಕ ಕಮ್ಯಾಂಡ್ ಲೈನ್ ಪ್ರೋಗ್ರಾಮೊಂದನ್ನು ಹಳೆಯ ಕಮೊಡೋರ್ ಅಮಿಗಾ 500ಕ್ಕೆ ಪೋರ್ಟ್ ಮಾಡುವ ಹುಚ್ಚು ಕೆಲವರಿಗೆ ಇನ್ನೂ ಇದೆ. ಕಂಪೈಲ್ ಆಯಿತು, ಒಮ್ಮೆ ಓಡಿತು ಎಂದೊಡನೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಕೆಲಸ ಶುರುವಾಗುವುದೇ ಆಗ.

1987ರಲ್ಲಿ ಬಂದ ಈ ಯಂತ್ರದ ಮೆಮೊರಿ 512 ಕೆಬಿ, ಪ್ರೊಸೆಸರ್ ಏಳು ಮೆಗಾಹರ್ಟ್ಸ್ ಆಸುಪಾಸಿನ ಮೊಟೊರೊಲಾ 68000. ನಿಧಾನವೇನೋ ಹೌದು, ಕಾದರಾಯಿತು. ಎಡವುವ ಜಾಗ ಬೇರೆ. ಯುನಿಕ್ಸ್ ಜಾತಿಯ ಸಿಸ್ಟಂಗಳಲ್ಲಿ ಪ್ರೋಗ್ರಾಮು ಹೇಗೇ ಸತ್ತರೂ ಅದು ಹಿಡಿದಿದ್ದ ಮೆಮೊರಿಯನ್ನು ಕರ್ನೆಲ್ ವಾಪಸು ಪಡೆಯುತ್ತದೆ. ಅಮಿಗಾದಲ್ಲಿ ಉಂಡವರೇ ಎಲೆ ಎತ್ತಬೇಕು. ಸಿಸ್ಟಂನಿಂದ ನೇರವಾಗಿ ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಹೋದರೆ, ರೀಬೂಟ್ ಮಾಡುವ ತನಕ ಅದು ಯಾರಿಗೂ ಇಲ್ಲ.

ಹಾಗಾಗಿ ಪರೀಕ್ಷೆ ಸರಳ. ‘ಅವೇಲ್’ ಎಂಬ ಕಮ್ಯಾಂಡ್ ಕೊಟ್ಟು ಖಾಲಿ ಮೆಮೊರಿ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಪ್ರೋಗ್ರಾಮು ಓಡಿಸಿ, ಮತ್ತೆ ನೋಡಿ. ಮೊದಲ ಸಲ ಕಡಿಮೆಯಾದರೆ ಗಾಬರಿ ಬೇಡ, ತೆರೆದ ಲೈಬ್ರರಿಗಳು ಅಲ್ಲೇ ಉಳಿದಿರಬಹುದು. ಪ್ರತಿ ಸಲವೂ ಅಷ್ಟಷ್ಟೇ ಕರಗುತ್ತಿದ್ದರೆ ಕಳ್ಳ ಒಳಗೇ ಇದ್ದಾನೆ. ಆಮೇಲೆ ಇಲ್ಲದ ಫೈಲಿನ ಹೆಸರು ಕೊಡಿ. ನಡುವೆ ಕಂಟ್ರೋಲ್-ಸಿ ಒತ್ತಿ. ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಚೊಕ್ಕ ಮಾಡುವ ಸಾಲುಗಳನ್ನು ಬರೆದಿರುವುದು ಪ್ರೋಗ್ರಾಮಿನ ಕೊನೆಯಲ್ಲಿ, ಅರ್ಧಕ್ಕೆ ನಿಂತದ್ದು ಅಲ್ಲಿಗೆ ತಲುಪುವುದೇ ಇಲ್ಲ.

ಸ್ಟ್ಯಾಕ್‌ನ ಕಥೆ ಇನ್ನೂ ಮೋಸದ್ದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಸಿಗುತ್ತದೆ, ಅಮಿಗಾದಲ್ಲಿ ತಾನಾಗಿ ಸಿಗುವುದು 4096 ಬೈಟ್. ಫಂಕ್ಷನ್ ಒಳಗೊಂದು ದೊಡ್ಡ ಅರೇ ಇಟ್ಟುಕೊಳ್ಳುವ ರೂಢಿಯವರು ಪಕ್ಕದ ಪ್ರೋಗ್ರಾಮಿನ ಮೆಮೊರಿಯ ಮೇಲೆಯೇ ಬರೆದುಬಿಡುತ್ತಾರೆ. ತಡೆಯುವವರಿಲ್ಲ. ತಪ್ಪು ಮಾಡಿದ್ದು ಒಂದು, ಕುಸಿಯುವುದು ಇನ್ನೊಂದು. ಕಪ್ಪು ಪರದೆಯಲ್ಲಿ ಕೆಂಪು ಚೌಕಟ್ಟು ಮಿನುಗುತ್ತದೆ: ‘ಗುರು ಮೆಡಿಟೇಷನ್’. ಗುರುವಿನ ಧ್ಯಾನಕ್ಕೆ ಭಂಗ ತಂದವರ್ಯಾರು ಎಂದು ಆತ ಹೇಳುವುದಿಲ್ಲ, ಒಂದು ಸಂಖ್ಯೆ ಕೊಡುತ್ತಾನೆ, ಅಷ್ಟೆ.

ಆ ಸಂಖ್ಯೆ 80000003 ಆದರೆ ಬೆಸ ಸಂಖ್ಯೆಯ ವಿಳಾಸದಿಂದ ಎರಡೋ ನಾಲ್ಕೋ ಬೈಟನ್ನು ಒಟ್ಟಿಗೆ ಓದಲು ಹೊರಟಿರುವ ಸಾಧ್ಯತೆಯೇ ಹೆಚ್ಚು. 68000 ಇದನ್ನು ಒಪ್ಪದು. ಮುಂದಿನ ಪೀಳಿಗೆಯ 68020 ಒಪ್ಪುತ್ತದೆ. ಎಮ್ಯುಲೇಟರಿನಲ್ಲಿ ಅನುಕೂಲಕ್ಕೆಂದು 68020 ಆಯ್ದುಕೊಂಡು ‘ಎಲ್ಲ ಸರಿಯಿದೆ’ ಎನ್ನುವವರು ಪರೀಕ್ಷಿಸಿದ್ದು ಬೇರೆ ಯಂತ್ರವನ್ನು. ಎಮ್ಯುಲೇಟರ್ ಬೇಡವೆಂದಲ್ಲ; ಅದರಲ್ಲಿಯೂ ಅತಿ ಬಡ ಯಂತ್ರವನ್ನೇ ಆರಿಸಿ.

ಅಂದಹಾಗೆ, ಪ್ರೋಗ್ರಾಮುಗಳು ಸದಾ ದೊಡ್ಡ ಯಂತ್ರದಿಂದ ಚಿಕ್ಕದಕ್ಕೇ ಬಂದಿಲ್ಲ. ಲಿನಕ್ಸ್ ಬಳಸುವವರಿಗೆ ಅಭ್ಯಾಸವಾಗಿಹೋಗಿರುವ ವಿಮ್ ಎಡಿಟರನ್ನು ಬ್ರಾಮ್ ಮೂಲೆನಾರ್ ಬೆಳೆಸಿದ್ದು ಅಮಿಗಾದ ಮೇಲೆ. 1991ರಲ್ಲಿ ಅದು ಮೊದಲು ಜನರ ಕೈಗೆ ಸಿಕ್ಕಿದ್ದು ಅಮಿಗಾ ಫ್ಲಾಪಿಯಲ್ಲಿ, ಯುನಿಕ್ಸ್‌ಗೆ ಹೋದದ್ದು ನಂತರ.

ನೀವೂ ಇಂಥದಕ್ಕೆ ಕೈಹಾಕುವುದಾದರೆ ಬೇಡದ ಫ್ಲಾಪಿಯೊಂದರ ಮೇಲೆ ಪರೀಕ್ಷೆ ನಡೆಸಿ, ಉಳಿದವನ್ನು ಡ್ರೈವ್‌ನಿಂದ ತೆಗೆದಿಡಿ. ಬರೆಯುತ್ತಿರುವಾಗಲೇ ಯಂತ್ರ ಕುಸಿದರೆ ಡಿಸ್ಕ್ ಕೆಡುತ್ತದೆ, ಮತ್ತು ಆ ಜಾತಿಯ ಹೊಸ ಫ್ಲಾಪಿ ಈಗ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತುವಲ್ಲ.