ಒಕ್ಕಾಲಿನ ಲೆಕ್ಕ

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು.’ ಓದಿದ ಹುಡುಗ ಲೋಕವ್ಯವಹಾರದಲ್ಲಿ ತಡವರಿಸಿದಾಗ ಹಿರಿಯರು ಈ ಗಾದೆ ಎತ್ತುತ್ತಾರೆ, ಓದನ್ನು ಹಗುರ ಮಾಡುವುದಕ್ಕೆ. ಆ ಅರ್ಥ ನನಗೆ ಒಪ್ಪಿಗೆಯಿಲ್ಲ. ಗಾದೆ ಓದಿನ ಪಾಲನ್ನು ಕಿತ್ತುಕೊಂಡಿಲ್ಲ, ಕಾಲು ಭಾಗ ಎಂದು ಅಳೆದು ಕೊಟ್ಟಿದೆ. ಆ ಕಾಲು ಸೇರದೆ ಒಂದು ತುಂಬುವುದಿಲ್ಲ.

ಪಿಯುಸಿ ವಿಜ್ಞಾನ ಮುಗಿಸಿ, ಎಂಬಿಬಿಎಸ್ ಸೀಟು ಕೈತಪ್ಪಿ, ಮತ್ತೊಮ್ಮೆ ನೀಟ್ ಬರೆಯಲು ಹೊರಟ ನಂಜನಗೂಡು, ತಿ. ನರಸೀಪುರದ ಮಕ್ಕಳ ಮುಂದೆ ಈ ಗಾದೆ ಬೇರೆಯೇ ಪ್ರಶ್ನೆಯಾಗಿ ನಿಲ್ಲುತ್ತದೆ. ಕೋಚಿಂಗ್ ಫೀಜು ಮತ್ತೆ ಕಟ್ಟುವ ಶಕ್ತಿ ಎಲ್ಲ ಮನೆಗಳಿಗಿಲ್ಲ. ‘ಹೆಂಗೂ ಡಾಕ್ಟ್ರಾಗ್ಬೇಕು ಅಂತೀಯ, ಆಸ್ಪತ್ರೇಲೇ ಕೆಲಸಕ್ಕೆ ಸೇರ್ಕೊ ಮಗಾ’ ಎನ್ನುತ್ತಾರೆ ಮನೆಯವರು. ಆಗ ಸಿಗುವುದು ಸಾಮಾನ್ಯವಾಗಿ ಎರಡು ಬಗೆಯ ಕೆಲಸ: ನರ್ಸಿಂಗ್ ಹೋಮಿನ ಬಿಲ್ ಕೌಂಟರು, ಇಲ್ಲವೇ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸಹಾಯಕರ ಜಾಗ. ಅದು ಸೀಟಿಗೆ ನೆರವಾದೀತೇ, ಎರಡರಲ್ಲಿ ಯಾವುದು ಮೇಲು ಎಂಬುದೇ ಆ ಪ್ರಶ್ನೆ.

ಅಮೆರಿಕದ ಮೆಡಿಕಲ್ ಕಾಲೇಜುಗಳು ಅರ್ಜಿ ಹಾಕಿದವರು ರೋಗಿಗಳ ನಡುವೆ ಎಷ್ಟು ಹೊತ್ತು ಕಳೆದಿದ್ದಾರೆ ಎಂದು ನೋಡುತ್ತವೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಅದಕ್ಕಾಗಿಯೇ ಕೆಲಸ ಹುಡುಕುತ್ತಾರೆ. ಇಲ್ಲಿ ಹಾಗಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ ಜೀವಶಾಸ್ತ್ರ. ಕನ್ನಡದಲ್ಲೂ ಬರೆಯಬಹುದು. ಯಾವ ಭಾಷೆಯಲ್ಲಿ ಬರೆದರೂ, ಆಸ್ಪತ್ರೆಯಲ್ಲಿ ದುಡಿದದ್ದಕ್ಕೆ ಒಂದು ಅಂಕವೂ ಇಲ್ಲ. ಅಂದರೆ ಸೀಟಿನ ಬಾಗಿಲಲ್ಲಿ ಗಾದೆಯ ಒಕ್ಕಾಲೇ ಪೂರ್ತಿ ರೂಪಾಯಿ. ಮುಕ್ಕಾಲು ಬೇಕಾಗುವುದು ಒಳಗೆ ಹೋದ ಮೇಲೆ.

ಆ ಮುಕ್ಕಾಲು ಹೇಗಿರುತ್ತದೆ ಎಂಬುದು ಲ್ಯಾಬಿನಲ್ಲಿ ಬೆಳಿಗ್ಗೆ ಏಳಕ್ಕೇ ಕಾಣುತ್ತದೆ. ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಎಂಟು ಗಂಟೆಯಾದರೂ ಏನೂ ತಿಂದಿರಬಾರದು ಎಂದು ಪುಸ್ತಕದಲ್ಲಿದೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಅಜ್ಜಿಯನ್ನು ‘ತಿಂಡಿ ಆಯ್ತಾ?’ ಎಂದು ಕೇಳಿದರೆ, ‘ಇಲ್ಲ ಕನವ್ವ’ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಸಕ್ಕರೆ ಹಾಕಿದ ಕಾಫಿ ಕುಡಿದಿರುತ್ತಾರೆ. ಕಾಫಿ ಅವರ ಲೆಕ್ಕದಲ್ಲಿ ತಿಂಡಿಯಲ್ಲ. ‘ಕಾಫಿ, ಟೀ ಏನಾದ್ರೂ ಕುಡಿದ್ರಾ ಅಜ್ಜಿ?’ ಎಂದು ಇನ್ನೊಂದು ಮಾತು ಕೇಳಲು ಕಲಿತವರು ತಪ್ಪು ರಿಪೋರ್ಟನ್ನೂ, ಅದರ ಹಿಂದೆ ಬರಬಹುದಾದ ತಪ್ಪು ಮಾತ್ರೆಯನ್ನೂ ತಡೆಯುತ್ತಾರೆ. ಗಾದೆ ಬುದ್ಧಿ ಎನ್ನುವುದು ಇದಕ್ಕೆ. ಅದು ಹುಟ್ಟಿನಿಂದ ಬರುವ ಜಾಣತನವಲ್ಲ, ರೋಗಿಯ ಪಕ್ಕ ನಿಂತು ಗಳಿಸಬೇಕಾದದ್ದು.

ಬಿಲ್ ಕೌಂಟರಿನಲ್ಲಿ ಕಲಿಯುವುದಿಲ್ಲವೆಂದಲ್ಲ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುವವರನ್ನು, ‘ಇದ್ರಲ್ಲಿ ಒಂದು ಟೆಸ್ಟು ಬಿಟ್ರೆ ನಡೀತದಾ?’ ಎನ್ನುವವರನ್ನು ಕಂಡವರು ಮುಂದೆ ಚೀಟಿ ಬರೆಯುವಾಗ ಯೋಚಿಸಿ ಬರೆಯುತ್ತಾರೆ. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ತೂಗಿದಾಗ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ಹೆಚ್ಚು ತೂಗಿತು ಎಂಬುದು ಸ್ಥಳಪುರಾಣ. ನಾನು ತೂಗಿದರೆ ಅಷ್ಟೇ ಹೆಚ್ಚಳ ಲ್ಯಾಬಿಗೆ ಕೊಡುತ್ತೇನೆ. ಅಲ್ಲಿನ ಗದ್ದಲ ಹೆಚ್ಚಾಗಿ ಬೆಳಗಿನದು. ಮಧ್ಯಾಹ್ನದ ಮೇಲೆ ಓದಲು ಹೊತ್ತು ಉಳಿಯುತ್ತದೆ. ಕೌಂಟರಿನವರು ರಾತ್ರಿ ಪಾಳಿಗೆ ಕರೆದರೆ ಮರುದಿನದ ಓದು ನಿದ್ದೆಗೆ ಹೋಯಿತು. ಲ್ಯಾಬಿನವರೇ ದಿನವಿಡೀ ನಿಲ್ಲಿಸಿಕೊಳ್ಳುವುದಾದರೆ ತಕ್ಕಡಿ ಕೌಂಟರಿನ ಕಡೆ ವಾಲಲಿ, ತಪ್ಪೇನಿಲ್ಲ.

ಒಂದು ವಿಷಯದಲ್ಲಿ ಮಾತ್ರ ಚೌಕಾಶಿ ಕೂಡದು. ರಕ್ತ ತೆಗೆಯುವುದು ತರಬೇತಿ ಪಡೆದ ಟೆಕ್ನಿಷಿಯನ್ ಕೆಲಸ. ಟ್ಯೂಬಿಗೆ ಹೆಸರು ಬರೆದು ಅಂಟಿಸುವುದಷ್ಟೇ ಸಹಾಯಕರದು. ಔಷಧ ವಿತರಿಸುವುದು 1948ರ ಫಾರ್ಮಸಿ ಕಾಯ್ದೆಯಂತೆ ನೋಂದಾಯಿತ ಫಾರ್ಮಸಿಸ್ಟ್‌ಗೆ ಸೇರಿದ್ದು. ‘ಹೆಂಗೂ ಡಾಕ್ಟ್ರಾಗೋನು, ಒಂದು ಇಂಜೆಕ್ಷನ್ ಹಾಕು’ ಎಂದು ಯಾರಾದರೂ ಹೇಳಿದರೆ ಆ ಕೆಲಸವನ್ನೇ ಬಿಟ್ಟು ಬನ್ನಿ. ಸೇರುವ ಮುನ್ನ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿಕೊಳ್ಳಿ. ಮೂರು ಡೋಸು ಮುಗಿಯಲು ಆರು ತಿಂಗಳು ಬೇಕು.

ಪರೀಕ್ಷೆ ಬರುವುದು ಮೇ ತಿಂಗಳಲ್ಲಿ. ಜನವರಿಗೆ ಕೆಲಸ ಬಿಡುತ್ತೇನೆಂದು ಸೇರುವ ದಿನವೇ ಹೇಳಿಬಿಡುವುದು ಲೇಸು. ಬಿಟ್ಟರೆ ಮುಕ್ಕಾಲು ಕೈತಪ್ಪೀತೆಂಬ ಭಯ ಬೇಡ: 2019ರ ಪಠ್ಯಕ್ರಮದಿಂದ ಎಂಬಿಬಿಎಸ್ ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿ ಕರೆದೊಯ್ಯುತ್ತಾರೆ. ಆ ನಾಲ್ಕು ತಿಂಗಳು ಪೂರ್ತಿ ಒಕ್ಕಾಲಿಗೇ ಇರಲಿ.