ಗುಟ್ಟು ಬಲ್ಲವರೆಲ್ಲ ಒಡೆಯರೇ?

ಪಾಸ್‌ವರ್ಡ್ ಕೇಳುವ ಕಂಪ್ಯೂಟರಿಗೆ ಎದುರು ಕೂತವರು ಯಾರೆಂಬುದು ತಿಳಿಯುವುದಿಲ್ಲ. ಅವರಿಗೆ ಒಂದು ಗುಟ್ಟು ಗೊತ್ತಿದೆಯೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ. ಗುಟ್ಟು ಬಲ್ಲವರನ್ನೇ ಅದು ಖಾತೆಯ ಒಡೆಯರೆಂದು ಒಪ್ಪಿಕೊಳ್ಳುತ್ತದೆ. ಬಲ್ಲದ್ದರಿಂದ ಮನುಷ್ಯನನ್ನು ಗುರುತಿಸಬಹುದೇ ಎಂಬ ಪ್ರಶ್ನೆ ಮಾತ್ರ ಕಂಪ್ಯೂಟರಿಗಿಂತ ಬಹಳ ಹಳೆಯದು.

ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಈ ಪ್ರಶ್ನೆ ಅಶೋಕವನದಲ್ಲಿ ಎದುರಾಗುತ್ತದೆ. ರಾವಣ ಸಂನ್ಯಾಸಿಯ ವೇಷದಲ್ಲಿ ಬಂದು ಮೋಸ ಮಾಡಿದ ಮೇಲೆ ಸೀತೆಗೆ ರೂಪದ ಮೇಲೆ ನಂಬಿಕೆ ಉಳಿದಿಲ್ಲ. ಹನುಮಂತನೂ ರಾವಣನೇ ಇರಬಹುದೆಂದು ಶಂಕಿಸಿ, ರಾಮಲಕ್ಷ್ಮಣರ ಲಕ್ಷಣಗಳನ್ನು ಹೇಳೆನ್ನುತ್ತಾಳೆ. ಅವನು ವಿವರವಾಗಿ ಹೇಳಿ, ಬಳಿಕ ಉಂಗುರ ಕೊಡುತ್ತಾನೆ. ರಾಮನಿಗೆ ಗುರುತು ಕಳಿಸಬೇಕಾದಾಗ ಸೀತೆ ಮೊದಲು ಹೇಳುವುದು ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ ಪ್ರಸಂಗವನ್ನು. ಚೂಡಾಮಣಿ ಕೊಡುವುದು ಆಮೇಲೆ. ಒಡವೆಯನ್ನು ಕಿತ್ತುಕೊಳ್ಳಬಹುದು, ದಂಪತಿಗಳ ನೆನಪನ್ನು ಕೀಳಲಾಗದು. ಎರಡೂ ಕೂಡಿದರೆ ಅನುಮಾನಕ್ಕೆ ಎಡೆ ಕಡಿಮೆ. ಬ್ಯಾಂಕು ಪಾಸ್‌ವರ್ಡಿನ ಜೊತೆಗೆ ಫೋನಿಗೆ ಓಟಿಪಿ ಕಳಿಸುವುದೂ ಇದೇ ತರ್ಕದಿಂದ. ಆದರೆ ಕಾಗೆಯ ಪ್ರಸಂಗ ಹನುಮಂತನ ಕಿವಿಗೆ ಬಿದ್ದ ಮೇಲೆ ಮೂವರ ಗುಟ್ಟು. ದೂತ ಹನುಮಂತನಾದ್ದರಿಂದ ಕೆಟ್ಟದ್ದೇನೂ ಆಗಲಿಲ್ಲ.

ನೆನಪಿನಿಂದ ವ್ಯಕ್ತಿಯನ್ನು ಗುರುತಿಸುವುದು ದಾರ್ಶನಿಕರ ವಾದವೂ ಹೌದು. ನ್ಯಾಯದರ್ಶನದ ನೈಯಾಯಿಕರು ಆತ್ಮವಿದೆ ಎನ್ನಲು ನೆನಪನ್ನೇ ಸಾಕ್ಷಿಗೆ ಕರೆದರು: ಅಂದು ಕಂಡವನು ಬೇರೆ, ಇಂದು ನೆನೆಯುವವನು ಬೇರೆ ಆಗಲಾರ, ಒಬ್ಬರ ಅನುಭವವನ್ನು ಇನ್ನೊಬ್ಬರು ನೆನೆಯಲಾರರು. ಬೌದ್ಧರು ಇದನ್ನು ಒಪ್ಪದೆ, ಇರುವುದು ಕ್ಷಣಗಳ ಪ್ರವಾಹ ಮಾತ್ರ ಎಂದರು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ, ಪ್ರಜ್ಞೆ ಹಿಂದೆ ಎಲ್ಲಿಯವರೆಗೆ ಚಾಚಬಲ್ಲುದೋ ಅಲ್ಲಿಯವರೆಗೂ ವ್ಯಕ್ತಿ ಒಬ್ಬನೇ ಎಂದ.

ಪಾಸ್‌ವರ್ಡ್ ಈ ವಾದಗಳ ಹೊರಗೆ ನಿಲ್ಲುತ್ತದೆ. ಅದು ಅನುಭವದ ನೆನಪಲ್ಲ, ಬರಿಯ ಅಕ್ಷರಮಾಲೆ, ಯಾರು ಬೇಕಾದರೂ ಕಲಿಯಬಹುದು. ಅದು ಹೇಗೆ ದಕ್ಕಿತೆಂದು ಯಂತ್ರ ಕೇಳುವುದಿಲ್ಲ. 1962ರಲ್ಲಿ ಎಂಐಟಿಯ ಸಂಶೋಧಕ ಅಲನ್ ಶೆರ್ ಕಂಪ್ಯೂಟರಿನಲ್ಲಿ ಹೆಚ್ಚು ಸಮಯ ಬೇಕೆಂದು ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಂಡು ಇತರರ ಹೆಸರಿನಲ್ಲಿ ಒಳಹೋದ. ಯಂತ್ರದ ಲೆಕ್ಕದಲ್ಲಿ ಅವನೇ ಅವರೆಲ್ಲರೂ ಆಗಿದ್ದ.

ಇಲ್ಲೊಂದು ವಿಚಿತ್ರವಿದೆ. ಮಗುವಿನ ಹೆಸರು, ಹುಟ್ಟಿದ ದಿನ, ಊರು, ಮನೆದೇವರು ಇವೆಲ್ಲ ಒಬ್ಬರ ಬಾಳಿಗೆ ಹತ್ತಿರವಾದವು. ಹಾಗಾಗಿಯೇ ಪಾಸ್‌ವರ್ಡಿಗೆ ಒದಗುವುದಿಲ್ಲ, ನೆಂಟರಿಗೂ ಅಪರಿಚಿತರಿಗೂ ಅವು ಗೊತ್ತು. ಒಡೆಯನ ಬದುಕಿಗೆ ಏನೇನೂ ಸಂಬಂಧವಿಲ್ಲದ ಗುರುತೇ ಅವನಿಗೆ ಭದ್ರ. ಡೈಸ್‌ವೇರ್ ವಿಧಾನದಲ್ಲಿ ದಾಳವನ್ನು ಐದು ಸಲ ಉರುಳಿಸಿ 7776 ಪದಗಳ ಪಟ್ಟಿಯಿಂದ ಒಂದನ್ನು ಆರಿಸುತ್ತಾರೆ. ಹೀಗೆ ಐದು ಪದ ಕೂಡಿಸಿದರೆ ಸಾಧ್ಯತೆಗಳು 28ರ ಮುಂದೆ 18 ಸೊನ್ನೆ ಇಟ್ಟಷ್ಟಕ್ಕಿಂತ ಹೆಚ್ಚು. ಆಯ್ಕೆ ದಾಳದ್ದಾಗಿರಬೇಕು, ಮನಸ್ಸು ಆರಿಸಿದರೆ ಮತ್ತೆ ಮನೆದೇವರೇ ಬರುತ್ತಾನೆ. ಒಂದೇ ಪಾಸ್‌ವರ್ಡನ್ನು ಹಲವು ಖಾತೆಗೆ ಇಟ್ಟರೆ ಒಂದು ಕಡೆಯ ಸೋರಿಕೆ ಎಲ್ಲೆಡೆ ಬಾಗಿಲು ತೆರೆಯುತ್ತದೆ. ಇಷ್ಟೊಂದನ್ನು ನೆನಪಿಡಲಾಗದವರು ಪಾಸ್‌ವರ್ಡ್ ಮ್ಯಾನೇಜರಿಗೆ ಒಪ್ಪಿಸುತ್ತಾರೆ. ಆಗ ಗುಟ್ಟು ಬಲ್ಲದ್ದು ಒಡೆಯನೂ ಅಲ್ಲ, ಅವನ ತಂತ್ರಾಂಶ.

ಬೆರಳಚ್ಚು, ಮುಖದ ಗುರುತು ಬಂದಾಗ ಯಂತ್ರ ಕೊನೆಗೂ ವ್ಯಕ್ತಿಯನ್ನೇ ಕಂಡಿತೆನಿಸುತ್ತದೆ. ಕಂಡದ್ದು ದೇಹದ ಅಳತೆಯನ್ನು ಮಾತ್ರ, ನಿದ್ದೆ ಹೋದವನ ಬೆರಳೂ ಬೀಗ ತೆಗೆಯಬಲ್ಲುದು. ಕಳುವಾದ ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆರಿಸಿ ಮತ್ತೆ ಚಾಲೂ ಮಾಡಿದ ಫೋನು ಸಾಮಾನ್ಯವಾಗಿ ಬೆರಳನ್ನು ಒಪ್ಪದೆ ಮೊದಲು ಪಿನ್ ಕೇಳುತ್ತದೆ.