ಅಗ್ನಿಭಯವೂ ಗೃಹಸ್ವಾಮಿಯ ಧರ್ಮವೂ

ಆಪತ್ಕಾಲದಲ್ಲಿ ಧರ್ಮದ ಕಟ್ಟುಗಳು ಸಡಿಲವಾಗುವುವೆಂಬುದನ್ನು ನಮ್ಮ ಪ್ರಾಚೀನರು ಒಪ್ಪಿದ್ದರು. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವುಂಟು. ಉರಿಯುವ ಮನೆಯಿಂದ ಪ್ರಾಣಭಯದಿಂದ ಓಡಿಬಂದವನನ್ನು, ಹಿಂದುಳಿದವನ ಕೈಯನ್ನು ಏಕೆ ಹಿಡಿಯಲಿಲ್ಲವೆಂದು ಬೀದಿಯಲ್ಲಿ ನಿಂತವರು ಕೇಳುವುದು ಸುಲಭ, ಆದರೆ ನ್ಯಾಯವಲ್ಲ. ಆ ಕ್ಷಣದಲ್ಲಿ ಅವನ ಬುದ್ಧಿಯೇ ಅವನ ಸ್ವಾಧೀನದಲ್ಲಿರುವುದಿಲ್ಲ. ಇಷ್ಟರಮಟ್ಟಿಗೆ ವಿವಾದವಿಲ್ಲ. ವಿಚಾರಮಾಡಬೇಕಾದುದು ಬೇರೊಂದು: ಇದೇ ರಿಯಾಯಿತಿಯನ್ನು ಆ ಮನೆಯನ್ನು ಕಟ್ಟಿಸಿದವನೂ ಕೇಳಬಹುದೆ?

ಬಹು ಅಂತಸ್ತಿನ ಕಛೇರಿಯೊಂದರಲ್ಲಿ, ಗಾಲಿಕುರ್ಚಿಯಲ್ಲಿ ಸಂಚರಿಸುವ ಗುಮಾಸ್ತನೊಬ್ಬನು ಬೆಳಗ್ಗೆ ಲಿಫ್ಟಿನಿಂದ ಏಳನೆಯ ಅಂತಸ್ತಿಗೆ ಹೋಗುವನೆಂದು ಭಾವಿಸೋಣ. ಆ ಲಿಫ್ಟಿನ ಪಕ್ಕದಲ್ಲಿಯೇ, ಬೆಂಕಿಯಾದಾಗ ಇದನ್ನು ಉಪಯೋಗಿಸಕೂಡದು, ಮೆಟ್ಟಿಲುಗಳಿಂದಲೇ ಇಳಿಯಬೇಕು ಎಂಬ ಫಲಕವಿರುವುದು. ಫಲಕವು ಸುಳ್ಳಲ್ಲ. ವಿದ್ಯುತ್ತು ನಿಂತರೆ ಲಿಫ್ಟು ನಡುವೆ ಸಿಕ್ಕಿಕೊಳ್ಳುವುದು. ಬಾವಿಯಂಥ ಅದರ ಗೂಡಿನೊಳಗೆ ಹೊಗೆ ಏರುವುದು. ಉರಿಯುತ್ತಿರುವ ಅಂತಸ್ತಿನಲ್ಲಿಯೇ ಬಾಗಿಲು ತೆರೆದುಕೊಂಡರೂ ತೆರೆದುಕೊಳ್ಳಬಹುದು. ಆದರೆ ಹತ್ತಿಸಿದ ದಾರಿಯನ್ನು ಇಳಿಯುವ ಹೊತ್ತಿಗೆ ಮುಚ್ಚುವುದಾದರೆ, ಆ ಗುಮಾಸ್ತನಿಗೆ ಫಲಕವು ಹೇಳಿದುದೇನು? ಬರಿಯ ಗಂಟೆಯು ಕಿವಿ ಕೇಳದವನನ್ನು ಎಚ್ಚರಿಸದು. ದೀಪದ ಬಾಣವು ಕಣ್ಣು ಕಾಣದವನಿಗೆ ದಾರಿ ತೋರದು. ತರ್ಕಶಾಸ್ತ್ರದ ಪಾಠದಲ್ಲಿ ದೂರದ ಬೆಟ್ಟದ ಹೊಗೆಯನ್ನು ಕಂಡು ಬೆಂಕಿಯನ್ನು ನೆಮ್ಮದಿಯಾಗಿ ಊಹಿಸುವರು. ಮುಚ್ಚಿದ ಕಟ್ಟಡದಲ್ಲಿ ಆ ಅವಕಾಶವೂ ಇಲ್ಲ, ಬೆಂಕಿಯು ಕಣ್ಣಿಗೆ ಬೀಳುವ ಮೊದಲೇ ಹೊಗೆಯು ಕೊಲ್ಲುವುದು.

ಹೊರದಾರಿಯನ್ನು ತೋರಿಸಲು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಹಸುರು ಫಲಕದ ಚಿತ್ರ, ಬಾಗಿಲ ಕಡೆಗೆ ಓಡುವ ಮನುಷ್ಯನದು, ಜಪಾನಿನ ಯುಕಿಯೊ ಓಟ ಎಂಬವರ ರಚನೆಯಿಂದ ಬಂದುದು. ಅಕ್ಷರವಿಲ್ಲದುದರಿಂದ ಓದುಬಾರದ ಕೂಲಿಯವನಿಗೂ ಪರದೇಶದವನಿಗೂ ಅರ್ಥವಾಗುವುದು ಅದರ ದೊಡ್ಡ ಗುಣ. ಆದರೂ ಆ ಚಿತ್ರದವನಿಗೆ ಎರಡು ಗಟ್ಟಿ ಕಾಲುಗಳುಂಟು. ಗಾಲಿಕುರ್ಚಿಯ ಆಕೃತಿಯನ್ನೂ ಸೇರಿಸಿದ ಫಲಕಗಳು ಕೆಲವೆಡೆ ಬಂದಿವೆ. ಫಲಕವನ್ನು ಮಾತ್ರ ಬದಲಾಯಿಸಿ ಅದರ ಹಿಂದೆ ಬರಿಯ ಮೆಟ್ಟಿಲನ್ನೇ ಉಳಿಸಿದರೆ ಅದು ಪರಿಹಾಸ್ಯವಾದೀತು.

2001ನೆಯ ಇಸವಿ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿ ಗೋಪುರಗಳಿಗೆ ವಿಮಾನಗಳು ಬಡಿದ ದಿನ, ಉತ್ತರದ ಗೋಪುರದಲ್ಲಿ ನಡೆಯಲಾರದ ಇಬ್ಬರು ನೌಕರರಿದ್ದರು. ಒಬ್ಬನು 69ನೆಯ ಅಂತಸ್ತಿನಲ್ಲಿದ್ದನು. 1993ರಲ್ಲಿ ಅಲ್ಲಿಯೇ ಬಾಂಬು ಸಿಡಿದ ತರುವಾಯ, ಮೆಟ್ಟಿಲುಗಳ ಮೇಲೆ ಇಳಿಸಬಹುದಾದ ಕುರ್ಚಿಗಳನ್ನು ಕೊಂಡು ಇರಿಸಲಾಗಿತ್ತು. ಜೊತೆಯ ಕೆಲಸಗಾರರು ಅಂಥದೊಂದರಲ್ಲಿ ಅವನನ್ನು ಕೂರಿಸಿ ಕೆಳಗಿಳಿಸಿದರು. ಗೋಪುರವು ಕುಸಿಯುವ ಮೊದಲು ಎಲ್ಲರೂ ಹೊರಬಂದರು. ಇನ್ನೊಬ್ಬನು 27ನೆಯ ಅಂತಸ್ತಿನಲ್ಲಿ ಸಹಾಯಕ್ಕಾಗಿ ಕಾದನು. ಅವನ ಗೆಳೆಯನು, ಇಳಿದುಹೋಗಲು ಶಕ್ತನಾಗಿದ್ದರೂ, ಅವನನ್ನು ಬಿಟ್ಟು ಹೋಗಲೊಲ್ಲದೆ ಜೊತೆಯಲ್ಲಿಯೇ ಉಳಿದನು. ಇಬ್ಬರೂ ಮಡಿದರು. ಆ ಗೆಳೆಯನ ಧರ್ಮವನ್ನು ಯಾವ ಕಾಲದ ಜನರೂ ಕೊಂಡಾಡುವರು. ಆದರೆ ಕೊಂಡಾಡುವಾಗಲೇ ಇದನ್ನೂ ಗಮನಿಸತಕ್ಕದ್ದು: ಮೊದಲನೆಯವನ ಪ್ರಾಣವನ್ನುಳಿಸಿದ ಸ್ನೇಹದ ಕೈಗೆ ಒಂದು ಕುರ್ಚಿ ಒದಗಿತ್ತು, ಅದನ್ನು ಕೊಂಡಿರಿಸಿದ್ದು ಬೆಂಕಿಯಿಲ್ಲದ ಒಂದು ದಿನ.

ಸಾಂಖ್ಯರು ಪ್ರಕೃತಿಪುರುಷರ ಸಂಬಂಧವನ್ನು ತಿಳಿಸಲು ಅಂಧಪಂಗುನ್ಯಾಯವನ್ನು ಹೇಳುವರು. ಕುರುಡನು ಕುಂಟನನ್ನು ಹೊರುವನು, ಕುಂಟನು ದಾರಿ ತೋರುವನು. ಇದನ್ನು ಲೌಕಿಕಕ್ಕೆ ಅನ್ವಯಿಸಿ, ಪರಸ್ಪರ ದಯೆಯೊಂದಿದ್ದರೆ ಸಾಕು, ಬೇರೆ ಏರ್ಪಾಡುಗಳೇಕೆ ಎನ್ನುವವರುಂಟು. ಅವರು ಮರೆಯುವುದೇನೆಂದರೆ, ಆ ನ್ಯಾಯದಲ್ಲಿ ನಡೆಯಲು ದಾರಿಯಿದೆ, ತೋರಿಸಲು ಬೆಳಕಿದೆ. ಲಾಕ್ಷಾಗೃಹದ ಕಥೆ ಇದಕ್ಕಿಂತ ಹೆಚ್ಚು ಕಲಿಸೀತು. ವಿದುರನು ಮುಂಗಂಡು ಬಿಲವನ್ನು ತೋಡಿಸಿದನು. ಭೀಮನು ತಾಯಿಯನ್ನೂ ಸೋದರರನ್ನೂ ಹೊತ್ತು ನಡೆದನು. ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದ ಬೇಡಿತಿಯೂ ಅವಳ ಐವರು ಮಕ್ಕಳೂ ಬೆಂದುಹೋದರು. ಬಿಲವಿತ್ತು, ಅವರಿಗೆ ಹೇಳಿದವರಿಲ್ಲ. ಪುರಾಣ ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಬೇಗನೆ ದಾಟಿಬಿಡುವರು.

ನಮ್ಮ ನಾಡಿನ ಅನುಭವವೂ ಕಡಿಮೆಯದಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ತೀರಿಕೊಂಡರು. ಹೊಗೆಯನ್ನು ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಅವರಾದರೂ ನಡೆಯಬಲ್ಲವರು. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕಲ್ಕತ್ತೆಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳಿಗೆ ಏರಿ 90ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಬಹುಮಂದಿ ಹಾಸಿಗೆಯಿಂದ ಏಳಲಾರದ ರೋಗಿಗಳು. ಅಶಕ್ತರಿಗಾಗಿಯೇ ಕಟ್ಟಿದ ಮನೆಯಲ್ಲಿ ಅಶಕ್ತರಿಗೆ ಹೊರದಾರಿಯಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ವಿಪತ್ತಿನಲ್ಲಿ ಅವರಿಗೆ ಸಮಾನವಾದ ರಕ್ಷಣೆ ಸಲ್ಲಬೇಕೆಂದು ಹೇಳಿದೆ. ಸಲ್ಲಬೇಕಾದುದು ಎಂದ ಮೇಲೆ ಅದು ಋಣ, ಭಿಕ್ಷೆಯಲ್ಲ.

ನೂರರಲ್ಲಿ ಒಬ್ಬನಿಗಾಗಿ ಇಷ್ಟು ವೆಚ್ಚವೆ ಎಂಬ ಆಕ್ಷೇಪವು ಬರುವುದು. ಆ ಒಬ್ಬನು ಯಾರೆಂದು ಕಟ್ಟಿಸುವವನಿಗೆ ತಿಳಿಯದು: ಇಂದು ಕಾಲು ಮುರಿದವನು, ನಾಳೆ ಗರ್ಭಿಣಿ, ಇನ್ನು ಇಪ್ಪತ್ತು ವರ್ಷಕ್ಕೆ ಅವನೇ. ಇದು ಪ್ರಯೋಜನದ ಮಾತು. ಧರ್ಮದ ಮಾತು ಇದಕ್ಕೂ ಮೊದಲಿನದು. ಆಪದ್ಧರ್ಮವು ಆಪತ್ತಿನಲ್ಲಿರುವವನಿಗೆ ಮಾತ್ರ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕಾಫಿ ಕುಡಿಯುತ್ತ, ಬಾಗಿಲಿನ ಅಗಲವನ್ನು ಗೊತ್ತುಮಾಡುವವನು ಆಪತ್ತಿನಲ್ಲಿಲ್ಲ. ಎತ್ತರದ ಕಟ್ಟಡಗಳಲ್ಲಿ ಬೆಂಕಿ ತಾಗದಂತೆ ಬೇರ್ಪಡಿಸಿದ ಆಶ್ರಯಸ್ಥಾನವನ್ನು ಬಿಡಬೇಕೆಂದು ನಿಯಮವುಂಟು; ಅಲ್ಲಿ ಕಾಯುವವನ ಬಳಿಗೆ ಯಾರು ಬರಬೇಕು, ಅವನು ಅಲ್ಲಿರುವನೆಂದು ಕೆಳಗಿನವರಿಗೆ ಹೇಗೆ ತಿಳಿಯಬೇಕು ಎಂಬುದೂ ಆ ಮೇಜಿನ ಮೇಲೆಯೇ ತೀರ್ಮಾನವಾಗಬೇಕು.

ಕೆಲವು ಕಛೇರಿಗಳಲ್ಲಿ ಬೆಂಕಿಯಿಂದ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಮಾಡಿಸುವರು. ಗಂಟೆ ಬಾರಿಸುವುದು, ಎಲ್ಲರೂ ನಗುತ್ತ ಮೆಟ್ಟಿಲಿಳಿದು ಅಂಗಳದಲ್ಲಿ ನಿಲ್ಲುವರು, ಎಣಿಕೆಯಾಗುವುದು. ಗಾಲಿಕುರ್ಚಿಯವನಿಗೆ ಮಾತ್ರ, ನಿಮಗೇಕೆ ಶ್ರಮ, ಈ ಹೊತ್ತು ತಾವು ಇಲ್ಲಿಯೇ ಕುಳಿತಿರಿ ಎಂದು ಬಹು ಮರ್ಯಾದೆಯಿಂದ ಹೇಳಿ ಹೋಗುವರು. ಅವನನ್ನು ಇಳಿಸುವುದಕ್ಕೆ ಎಷ್ಟು ಜನ ಬೇಕು, ಎಷ್ಟು ಹೊತ್ತು ಹಿಡಿಯುವುದು, ತಿರುವಿನಲ್ಲಿ ಕುರ್ಚಿ ಹಿಡಿಸುವುದೋ ಇಲ್ಲವೋ ಎಂಬುದು ಆ ದಿನವೂ ಯಾರಿಗೂ ತಿಳಿಯದೆ ಉಳಿಯುವುದು.